ಒಂದೇ ತಂತಿಗೆ ಎರಡು ವೇಗ

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ಒಂದು ದೂರಿನ ಪತ್ರ ಸಿದ್ಧವಾಯಿತು. ಅಂತರಜಾಲ ಸಂಪರ್ಕ ಒದಗಿಸುವ ಸಂಸ್ಥೆಗೆ ಬರೆದ ಪತ್ರ. ನಾವು ಹಣ ತೆರುತ್ತಿದ್ದುದು ಸೆಕೆಂಡಿಗೆ 200 ಮೆಗಾಬಿಟ್‌ನ ಸಂಪರ್ಕಕ್ಕೆ. ಆದರೆ ಗಣಕ ಪ್ರಯೋಗಾಲಯದಲ್ಲಿ ಕುಳಿತು ಒಂದು ವೇಗ ಪರೀಕ್ಷೆ ನಡೆಸಿದರೆ 94 ಬರುತ್ತಿತ್ತು. ಅದು ಮುಗಿದ ಮರುಕ್ಷಣವೇ ಅದೇ ಗಣಕದಲ್ಲಿ ಬೇರೊಂದು ಪರೀಕ್ಷೆ ನಡೆಸಿದರೆ 31. ವಿದ್ಯಾರ್ಥಿಗಳು ಹತ್ತು ಸಲ ಮಾಡಿ ನೋಡಿದ್ದರು. ಹತ್ತು ಸಲವೂ ಹೆಚ್ಚುಕಡಿಮೆ ಅದೇ ಅಂಕಿಗಳು. ಪ್ರಿನ್ಸಿಪಾಲರು ಕರಡನ್ನು ನನ್ನ ಮೇಜಿನ ಮೇಲಿಟ್ಟು, "ಭೌತವಿಜ್ಞಾನದವರ ಸಹಿಯೂ ಇದ್ದರೆ ತೂಕ ಬರುತ್ತೆ, ಹಾಕಿಬಿಡಿ" ಎಂದರು. ಪತ್ರದಲ್ಲಿ 'ಮೋಸ' ಎಂಬ ಪದ ಎರಡು ಕಡೆ ಇತ್ತು.

ನಾನು ಒಂದು ವಾರ ಸಮಯ ಕೇಳಿದೆ. ನನ್ನನ್ನು ತಡೆದದ್ದು ಆ ಎರಡು ಅಂಕಿಗಳ ನಡುವಿನ ಅಂತರವಲ್ಲ, ಅವುಗಳ ಸ್ಥಿರತೆ. ಪ್ರಯೋಗಾಲಯದಲ್ಲಿ ಪಾಠ ಮಾಡಿದವರೆಲ್ಲ ಬಲ್ಲಿರಿ: ಅಳತೆ ಮನಬಂದಂತೆ ಏರಿಳಿದರೆ ಅದು ಯಾದೃಚ್ಛಿಕ ದೋಷ. ಎರಡು ಉಪಕರಣಗಳು ಎರಡು ಸ್ಥಿರವಾದ ಉತ್ತರಗಳನ್ನು ಪಟ್ಟುಹಿಡಿದು ಹೇಳುತ್ತಿದ್ದರೆ, ಅವು ಒಂದೇ ಪರಿಮಾಣವನ್ನು ಅಳೆಯುತ್ತಿವೆಯೆ ಎಂದು ಮೊದಲು ಕೇಳಬೇಕು. ಆ ಪ್ರಶ್ನೆಯ ಬೆನ್ನುಹತ್ತಿ ಹೋದವನು ಸುಮಾರು ನಲವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು. ನೀವೂ ಜೊತೆಗೆ ಬನ್ನಿ.

ಮೊದಲು 'ವೇಗ' ಎಂಬ ಮಾತನ್ನೇ ನೋಡೋಣ. ದ್ಯುತಿತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸಂಪರ್ಕ 10 ಮೆಗಾಬಿಟ್‌ನದಾಗಲಿ 1000 ಮೆಗಾಬಿಟ್‌ನದಾಗಲಿ, ಈ ವೇಗ ಬದಲಾಗುವುದಿಲ್ಲ. ಜಾಹೀರಾತುಗಳಲ್ಲಿ ವೇಗ ಎಂದು ಕಾಣುವುದು ವಾಸ್ತವವಾಗಿ ದರ. ಒಂದು ಸೆಕೆಂಡಿನಲ್ಲಿ ಎಷ್ಟು ಬಿಟ್ಟುಗಳು ದಾಟಿದವು ಎಂಬ ಲೆಕ್ಕ. ಅದರಲ್ಲೂ ಕೊಳವೆ ಎಷ್ಟನ್ನು ಹರಿಸಬಲ್ಲದು ಎಂಬುದು ಒಂದು, ಈ ಗಳಿಗೆಯಲ್ಲಿ ಎಷ್ಟು ಹರಿಯಿತು ಎಂಬುದು ಇನ್ನೊಂದು. ಒಂದು ಸಣ್ಣ ಸಂದೇಶ ಹೋಗಿ ಉತ್ತರ ತರಲು ಹಿಡಿಯುವ ಸಮಯ ಮೂರನೆಯದು. ಅದನ್ನು ಇಲ್ಲಿ 'ಹೋಗಿಬರುವ ಕಾಲ' ಎಂದು ಕರೆಯುತ್ತೇನೆ. ವೇಗ ಎಂಬ ಪದಕ್ಕೆ ನಿಜವಾಗಿ ಹತ್ತಿರವಿರುವುದು ಈ ಮೂರನೆಯದೇ. ಆದರೆ ಜಾಹೀರಾತಿನಲ್ಲಿ ಅದು ಕಾಣುವುದೇ ಅಪರೂಪ.

ಕೊಳವೆಯ ಅಂಕಿಯೂ ಪೂರ್ತಿಯಾಗಿ ನಮಗೆ ಸಿಗುವುದಿಲ್ಲ. ದತ್ತಾಂಶ ಸಾಗುವುದು ಪ್ಯಾಕೆಟ್‌ಗಳಾಗಿ. ಪ್ರತಿ ಪ್ಯಾಕೆಟ್‌ಗೂ ವಿಳಾಸ, ಕ್ರಮಸಂಖ್ಯೆ, ತಪ್ಪು ಪತ್ತೆಯ ಅಂಕಿ ಎಂದು ಹೊದಿಕೆಯ ಮೇಲೆ ಹೊದಿಕೆ. ಸಾಮಾನ್ಯ ಈಥರ್ನೆಟ್ ತಂತಿಯ ಮೇಲೆ ಒಂದು ಪೂರ್ಣ ಪ್ಯಾಕೆಟ್ ಆಕ್ರಮಿಸುವ ಜಾಗ, ಎರಡು ಪ್ಯಾಕೆಟ್‌ಗಳ ನಡುವಿನ ಖಾಲಿ ಅಂತರವೂ ಸೇರಿ, 1538 ಬೈಟ್. ಅದರಲ್ಲಿ ನಮ್ಮ ದತ್ತಾಂಶ ಸಾಮಾನ್ಯವಾಗಿ 1448 ಬೈಟ್. ಭಾಗಿಸಿದರೆ 0.9415. ಅಂದರೆ 100 ಮೆಗಾಬಿಟ್ ತಂತಿಯಲ್ಲಿ ಎಲ್ಲವೂ ಸರಿಯಿದ್ದಾಗ ನಮ್ಮ ಕೈಗೆ ಬರುವುದು 94. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ನಾನು ಆ ಹೊತ್ತಿನಲ್ಲಿ ನೆನಪಿಟ್ಟುಕೊಂಡಿರಲಿಲ್ಲ.

ಈಗ 1986ರ ಅಕ್ಟೋಬರ್‌ಗೆ ಹೋಗೋಣ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣ ಮತ್ತು ಅದರ ಪಕ್ಕದ ಗುಡ್ಡದ ಮೇಲಿನ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ, ಇವೆರಡರ ನಡುವೆ 400 ಗಜಗಳ ದೂರ. ಜಾಲದ ಲೆಕ್ಕದಲ್ಲಿ ನಡುವೆ ಎರಡೇ ನೆಗೆತ. ಸೆಕೆಂಡಿಗೆ 32 ಕಿಲೋಬಿಟ್ ಹರಿಯುತ್ತಿದ್ದ ಈ ಹಾದಿಯಲ್ಲಿ ಹರಿವು ಒಮ್ಮೆಲೇ 40 ಬಿಟ್‌ಗೆ ಕುಸಿಯಿತು. ಕಿಲೋಬಿಟ್ ಅಲ್ಲ, ಬಿಟ್. ಸೆಕೆಂಡಿಗೆ ಐದು ಅಕ್ಷರ. ಪ್ರಯೋಗಾಲಯದಿಂದ ಆವರಣಕ್ಕೆ ಕಾಗದ ಹಿಡಿದು ನಡೆದುಹೋಗಿದ್ದರೆ ಎಷ್ಟೋ ಬೇಗ ತಲುಪುತ್ತಿತ್ತು.

ತಂತಿ ತುಂಡಾಗಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಮತ್ತು ಬರ್ಕ್ಲಿಯಲ್ಲಿ ಯುನಿಕ್ಸ್ ತಂತ್ರಾಂಶದ ಮೇಲೆ ಕೆಲಸ ಮಾಡುತ್ತಿದ್ದ ಮೈಕ್ ಕ್ಯಾರೆಲ್ಸ್ ಇದರ ಕಾರಣ ಹುಡುಕಿದರು. ಅಂತರಜಾಲದಲ್ಲಿ ದತ್ತಾಂಶವನ್ನು ಜೋಪಾನವಾಗಿ ತಲುಪಿಸುವ ನಿಯಮಾವಳಿಗೆ 'ಟಿಸಿಪಿ' ಎಂದು ಹೆಸರು. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಇದರ ಮೊದಲ ರೂಪವನ್ನು ಪ್ರಕಟಿಸಿದ್ದರು; 1983ರ ಜನವರಿ 1ರಂದು ಅರ್ಪಾನೆಟ್ ಜಾಲ ಇದಕ್ಕೆ ಬದಲಾಗಿತ್ತು. ಇದರ ಪ್ರಕಾರ ಪ್ಯಾಕೆಟ್ ತಲುಪಿದ ಮೇಲೆ ಎದುರಿನ ಗಣಕ ಒಂದು ಸ್ವೀಕೃತಿ ಕಳಿಸುತ್ತದೆ. ಸ್ವೀಕೃತಿ ಬಾರದಿದ್ದರೆ ಪ್ಯಾಕೆಟ್ ಕಳೆದುಹೋಯಿತೆಂದು ತಿಳಿದು ಮತ್ತೆ ಕಳಿಸಬೇಕು. ಜಾಲ ದಟ್ಟಣಿಸಿದಾಗ ಏನಾಗುತ್ತದೆ ನೋಡಿ. ಪ್ಯಾಕೆಟ್ ಕಳೆದಿರುವುದಿಲ್ಲ, ಸಾಲಿನಲ್ಲಿ ಕಾಯುತ್ತಿರುತ್ತದೆ. ಕಳಿಸಿದವನು ಕಾದು ಬೇಸತ್ತು ಅದರದೇ ನಕಲನ್ನು ಕಳಿಸುತ್ತಾನೆ. ಸಾಲು ಇನ್ನೂ ಉದ್ದವಾಗುತ್ತದೆ. ಎಲ್ಲರೂ ಹೀಗೆಯೇ ಮಾಡಿದಾಗ ತಂತಿ ಪೂರ್ತಿ ತುಂಬಿರುತ್ತದೆ, ಆದರೆ ಅದರಲ್ಲಿರುವುದು ಬಹುಪಾಲು ನಕಲುಗಳೇ. ಇಂಥ ಕುಸಿತ ಸಾಧ್ಯ ಎಂದು ಜಾನ್ ನೇಗಲ್ 1984ರಲ್ಲೇ ಎಚ್ಚರಿಸಿದ್ದರು.

ಜೇಕಬ್ಸನ್ ಕೊಟ್ಟ ಪರಿಹಾರ 1988ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಮಂಡನೆಯಾಯಿತು. ಕಳಿಸುವವನು ಆರಂಭದಲ್ಲಿ ಸ್ವಲ್ಪವೇ ಕಳಿಸಬೇಕು. ಸ್ವೀಕೃತಿಗಳು ಬಂದಂತೆಲ್ಲ ಪ್ರತಿ ಸುತ್ತಿಗೂ ಇಮ್ಮಡಿಗೊಳಿಸುತ್ತ ಹೋಗಬೇಕು. ಪ್ಯಾಕೆಟ್ ಕಳೆಯಿತೆಂದರೆ ಅದನ್ನು ದಟ್ಟಣೆಯ ಸೂಚನೆ ಎಂದು ತಿಳಿದು ಥಟ್ಟನೆ ತಗ್ಗಿಸಬೇಕು. ಆಮೇಲೆ ಮೆಲ್ಲಗೆ ಏರಿಸಬೇಕು. ಯಾರೂ ಮೇಲೆ ಕುಳಿತು ಹಂಚಬೇಕಾಗಿಲ್ಲ. ಪ್ರತಿಯೊಬ್ಬನೂ ಕತ್ತಲಲ್ಲಿ ಗೋಡೆ ತಡವಿದಂತೆ ತನ್ನ ಪಾಲನ್ನು ಹುಡುಕಿಕೊಳ್ಳುತ್ತಾನೆ.

ಅದೇ ಸಮ್ಮೇಳನದಲ್ಲಿ ಇದೇ ಸಮಸ್ಯೆಗೆ ಬೇರೆ ದಾರಿ ತೋರಿದ ಪ್ರಬಂಧವೊಂದಿತ್ತು. ಅದರ ಲೇಖಕರು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಕೆ.ಕೆ. ರಾಮಕೃಷ್ಣನ್ ಮತ್ತು ರಾಜ್ ಜೈನ್. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಪ್ಯಾಕೆಟ್ ಕಳೆದುಹೋಗುವವರೆಗೆ ಕಾಯುವುದೇಕೆ, ದಟ್ಟಣೆ ಶುರುವಾಗುತ್ತಿದ್ದಂತೆ ನಡುವಿನ ಯಂತ್ರವೇ ಪ್ಯಾಕೆಟ್‌ನಲ್ಲಿ ಒಂದು ಬಿಟ್ ಗುರುತು ಮಾಡಿ ಎಚ್ಚರಿಸಲಿ ಎಂಬುದು ಅವರ ಸಲಹೆ. ಈ ಆಲೋಚನೆ ಪರಿಷ್ಕಾರಗೊಂಡು 2001ರಲ್ಲಿ ಅಂತರಜಾಲದ ಮಾನಕಗಳಲ್ಲಿ ಸೇರಿತು. ಅದರ ಕರ್ತೃಗಳಲ್ಲೂ ರಾಮಕೃಷ್ಣನ್ ಇದ್ದಾರೆ. ನಮ್ಮ ಪಠ್ಯಗಳಲ್ಲಿ ಈ ಹೆಸರುಗಳು ಕಾಣುವುದಿಲ್ಲವಲ್ಲ ಎಂದು ನನಗೆ ಕೊರಗಿದೆ.

ವೇಗ ಪರೀಕ್ಷೆಗೂ ಇದಕ್ಕೂ ಏನು ಸಂಬಂಧ ಎನ್ನುವಿರಾ? ಪರೀಕ್ಷೆಗಳು ಅಳೆಯುವುದು ತಂತಿಯನ್ನಲ್ಲ. ಬಹುತೇಕ ಪರೀಕ್ಷೆಗಳು ಟಿಸಿಪಿಯ ಮೂಲಕ ದತ್ತಾಂಶ ಕಳಿಸಿ ನೋಡುತ್ತವೆ. ಆದ್ದರಿಂದ ಅಂಕಿಯಲ್ಲಿ ತಂತಿಯ ಸಾಮರ್ಥ್ಯದ ಜೊತೆಗೆ 1988ರಲ್ಲಿ ಟಿಸಿಪಿಗೆ ಕಲಿಸಿದ ಎಚ್ಚರಿಕೆಯ ನಡಿಗೆಯೂ ಬೆರೆತಿರುತ್ತದೆ. ಒಂದು ಲೆಕ್ಕ ಮಾಡೋಣ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಭೂಗೋಳದ ಮೇಲೆ ನೇರ ದೂರ ಸುಮಾರು 14,000 ಕಿಲೋಮೀಟರ್. ದ್ಯುತಿತಂತುವಿನಲ್ಲಿ ಹೋಗಿಬರಲು ಕನಿಷ್ಠ 140 ಮಿಲಿಸೆಕೆಂಡ್ ಬೇಕು. ಕೇಬಲ್ಲುಗಳು ನೇರವಾಗಿ ಹೋಗುವುದಿಲ್ಲವಾದ್ದರಿಂದ 200 ಎಂದಿಟ್ಟುಕೊಳ್ಳಿ. ಇಂದಿನ ಟಿಸಿಪಿ ಸಾಮಾನ್ಯವಾಗಿ 10 ಪ್ಯಾಕೆಟ್‌ಗಳಿಂದ ಆರಂಭಿಸುತ್ತದೆ. 10, 20, 40, 80, 160, 320 ಎಂದು ಆರು ಸುತ್ತು ಮುಗಿದಾಗ ಹೋಗಿರುವುದು 630 ಪ್ಯಾಕೆಟ್. ಒಂದು ಮೆಗಾಬೈಟ್ ಕಡತಕ್ಕೆ ಬೇಕಾದದ್ದು ಸುಮಾರು 685, ಅಂದರೆ ಏಳನೆಯ ಸುತ್ತು ಬೇಕು. ಒಟ್ಟು 1.4 ಸೆಕೆಂಡ್. 100 ಮೆಗಾಬಿಟ್ ತಂತಿಯಲ್ಲಿ 0.08 ಸೆಕೆಂಡಿನಲ್ಲಿ ಬರಬೇಕಿದ್ದ ಕಡತ ಇದು! ಪರೀಕ್ಷೆ ಇದರಿಂದ ತೆಗೆಯುವ ಉತ್ತರ 6 ಮೆಗಾಬಿಟ್‌ಗಿಂತ ಕಡಿಮೆ. ಚಿಕ್ಕದೊಂದು ಕಡತವನ್ನು ಇಳಿಸಿಕೊಂಡು ಕಾಲದಿಂದ ಭಾಗಿಸುತ್ತಿದ್ದ ಆರಂಭದ ಪರೀಕ್ಷೆಗಳಿಗೆ ಈ ದೋಷ ತಪ್ಪಿದ್ದಲ್ಲ. ಸಂಪರ್ಕ ಹೆಚ್ಚು ಸಾಮರ್ಥ್ಯದ್ದಾದಷ್ಟೂ ದೋಷ ಹಿಗ್ಗುತ್ತಿತ್ತು.

ಇನ್ನೊಂದು ಮಿತಿ 'ಕಿಟಕಿ'. ಸ್ವೀಕೃತಿಗೆ ಕಾಯದೆ ಒಮ್ಮೆಗೆ ಎಷ್ಟು ದತ್ತಾಂಶ ಹಾದಿಯಲ್ಲಿರಬಹುದು ಎಂಬುದನ್ನು ಸ್ವೀಕರಿಸುವ ಗಣಕ ನಿಗದಿಪಡಿಸುತ್ತದೆ. 1981ರ ಟಿಸಿಪಿ ವಿವರಣೆಯಲ್ಲಿ ಇದಕ್ಕೆ 16 ಬಿಟ್‌ಗಳ ಜಾಗವಷ್ಟೇ ಇತ್ತು, ಗರಿಷ್ಠ 65,535 ಬೈಟ್. ಹೋಗಿಬರುವ ಕಾಲ 200 ಮಿಲಿಸೆಕೆಂಡ್ ಇದ್ದರೆ ಸೆಕೆಂಡಿಗೆ ಐದು ಕಿಟಕಿ, ಅಂದರೆ 2.6 ಮೆಗಾಬಿಟ್. ತಂತಿ ಎಷ್ಟೇ ದಪ್ಪಗಿರಲಿ, ಅಷ್ಟೇ. ಅದೇ ಕಿಟಕಿಗೆ 10 ಮಿಲಿಸೆಕೆಂಡ್ ದೂರದ ಸರ್ವರ್‌ನಿಂದ 52 ಮೆಗಾಬಿಟ್ ಬರುತ್ತದೆ. 1992ರಲ್ಲಿ ಜೇಕಬ್ಸನ್, ಬ್ರೇಡನ್ ಮತ್ತು ಬೋರ್ಮನ್ ಈ ಕಿಟಕಿಯನ್ನು ಹಿಗ್ಗಿಸುವ ಉಪಾಯ ಹೇಳಿದರು. ಆದರೂ ಗಣಕಗಳ ತಂತ್ರಾಂಶದಲ್ಲಿ ಅದು ತಾನಾಗಿ ಹೊಂದಿಕೊಳ್ಳುವಂತಾಗಲು ಬಹಳ ವರ್ಷಗಳೇ ಹಿಡಿದವು. ದರವು ಹೋಗಿಬರುವ ಕಾಲಕ್ಕೆ ವಿಲೋಮ ಅನುಪಾತದಲ್ಲೂ ಪ್ಯಾಕೆಟ್ ಕಳೆಯುವ ಪ್ರಮಾಣದ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲೂ ಇರುತ್ತದೆ ಎಂದು 1997ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ತೋರಿಸಿದರು. ತಂತಿಯ ಸಾಮರ್ಥ್ಯ ಆ ಸೂತ್ರದಲ್ಲಿ ನೇರವಾಗಿ ಕಾಣಿಸುವುದೇ ಇಲ್ಲ.

ಇಷ್ಟು ತಿಳಿದರೆ ಜನಪ್ರಿಯ ಪರೀಕ್ಷೆಗಳ ಜಗಳ ಅರ್ಥವಾಗುತ್ತದೆ. 2006ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರಂಭವಾದ ಊಕ್ಲಾ ಕಂಪನಿಯ 'ಸ್ಪೀಡ್‌ಟೆಸ್ಟ್' ಮೊದಲು ಹಲವು ಸರ್ವರ್‌ಗಳಿಗೆ ಕೂಗು ಹಾಕಿ, ಬೇಗ ಓಗೊಟ್ಟ ಹತ್ತಿರದ ಸರ್ವರ್ ಆರಿಸಿಕೊಳ್ಳುತ್ತದೆ. (ಹೀಗೆ ಕೂಗು ಹಾಕಿ ಮಾರ್ದನಿಗೆ ಕಾಯುವ 'ಪಿಂಗ್' ಉಪಕರಣವನ್ನು 1983ರ ಡಿಸೆಂಬರ್‌ನಲ್ಲಿ ಬರೆದವರು ಅಮೆರಿಕದ ಸೇನಾ ಪ್ರಯೋಗಾಲಯದ ಮೈಕ್ ಮ್ಯೂಸ್. ಜಲಾಂತರ್ಗಾಮಿಗಳ ಸೋನಾರ್ ಶಬ್ದದಿಂದ ಆ ಹೆಸರು.) ಬಳಿಕ ಅದು ಏಕಕಾಲಕ್ಕೆ ಹಲವು ಟಿಸಿಪಿ ಸಂಪರ್ಕಗಳನ್ನು ತೆರೆದು ಕೊಳವೆಯನ್ನು ತುಂಬಿಸುತ್ತದೆ. ಒಂದಕ್ಕೆ ಪೆಟ್ಟುಬಿದ್ದರೂ ಉಳಿದವು ಹರಿಯುತ್ತಿರುತ್ತವೆ. 2009ರಲ್ಲಿ ಆರಂಭವಾದ 'ಮೆಷರ್‌ಮೆಂಟ್ ಲ್ಯಾಬ್' ಎಂಬ ಸಂಶೋಧಕರ ಒಕ್ಕೂಟದ 'ಎನ್‌ಡಿಟಿ' ಪರೀಕ್ಷೆ ತೆರೆಯುವುದು ಒಂದೇ ಸಂಪರ್ಕವನ್ನು. ಮೊದಲನೆಯದು ಕೇಳುವ ಪ್ರಶ್ನೆ: ನಿಮ್ಮ ಮನೆಗೆ ಬಂದಿರುವ ಕೊಳವೆ ಎಷ್ಟು ದೊಡ್ಡದು? ಎರಡನೆಯದರ ಪ್ರಶ್ನೆ: ಒಂದು ಸಾಮಾನ್ಯ ಸಂಪರ್ಕಕ್ಕೆ ಈ ಹಾದಿಯುದ್ದಕ್ಕೂ ಎಷ್ಟು ಸಿಗುತ್ತದೆ? 2010ರಲ್ಲಿ ಎಂಐಟಿಯ ಸ್ಟೀವನ್ ಬಾವರ್, ಡೇವಿಡ್ ಕ್ಲಾರ್ಕ್ ಮತ್ತು ವಿಲಿಯಂ ಲೆಹರ್ ಇಂಥ ಪರೀಕ್ಷೆಗಳನ್ನು ಬಿಚ್ಚಿ ನೋಡಿದರು. ಎನ್‌ಡಿಟಿಯ ಎಷ್ಟೋ ಕಡಿಮೆ ಅಂಕಿಗಳಿಗೆ ಕಾರಣ ಸಂಪರ್ಕ ಒದಗಿಸುವವರಾಗಿರಲಿಲ್ಲ, ಬಳಕೆದಾರರ ಗಣಕದಲ್ಲೇ ಇದ್ದ ಚಿಕ್ಕ ಕಿಟಕಿಯಾಗಿತ್ತು.

ಹಾಗೆಂದು ಕಡಿಮೆ ಅಂಕಿ ಯಾವಾಗಲೂ ಬಳಕೆದಾರರ ತಪ್ಪೇ ಎನ್ನಬೇಡಿ. 2013-14ರಲ್ಲಿ ಅಮೆರಿಕದ ಲಕ್ಷಾಂತರ ಮನೆಗಳಲ್ಲಿ ಸಂಜೆ ಹೊತ್ತು ನೆಟ್‌ಫ್ಲಿಕ್ಸ್ ಚಿತ್ರಗಳು ತಡವರಿಸುತ್ತಿದ್ದವು. ಹತ್ತಿರದ ಸರ್ವರ್‌ಗೆ ಮಾಡಿದ ಪರೀಕ್ಷೆ ಎಲ್ಲವೂ ಸರಿಯಿದೆ ಎನ್ನುತ್ತಿತ್ತು. ಮೆಷರ್‌ಮೆಂಟ್ ಲ್ಯಾಬ್‌ನ ಸರ್ವರ್‌ಗಳಲ್ಲಿ ಕೆಲವು ಬೇರೆ ಕಂಪನಿಗಳ ಜಾಲದೊಳಗಿದ್ದುದರಿಂದ, ಎರಡು ಕಂಪನಿಗಳ ಜಾಲಗಳು ಸೇರುವ ಕೀಲಿನಲ್ಲಿ ದಟ್ಟಣೆಯಿದೆ ಎಂಬುದನ್ನು ಆ ಅಳತೆಗಳು ಹಿಡಿದವು. ಆ ಕೀಲಿನ ಖರ್ಚು ಯಾರು ಭರಿಸಬೇಕೆಂದು ಕಂಪನಿಗಳು ಜಗಳಾಡುತ್ತಿದ್ದವು. 2014ರ ಫೆಬ್ರವರಿಯಲ್ಲಿ ಕಾಮ್‌ಕಾಸ್ಟ್ ಮತ್ತು ನೆಟ್‌ಫ್ಲಿಕ್ಸ್ ನೇರ ಸಂಪರ್ಕದ ಒಪ್ಪಂದಕ್ಕೆ ಬಂದವು. ಎರಡು ಪರೀಕ್ಷೆಗಳ ಅಂಕಿ ಹೊಂದದೆ ಇದ್ದುದೇ ಇಲ್ಲಿ ಸಾಕ್ಷ್ಯವಾಯಿತು. ನೆಟ್‌ಫ್ಲಿಕ್ಸ್ 2016ರ ಮೇ ತಿಂಗಳಲ್ಲಿ ತನ್ನದೇ ಪರೀಕ್ಷೆಯನ್ನು ತೆರೆದಾಗ ಅದು ಚಿತ್ರ ಕಳಿಸುವ ಸರ್ವರ್‌ಗಳಿಂದಲೇ ಅಳೆಯುವಂತೆ ಮಾಡಿದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಅದೇ 2016ರಲ್ಲಿ 'ಮೈಸ್ಪೀಡ್' ಎಂಬ ಮೊಬೈಲ್ ಆನ್ವಯಿಕವನ್ನು ಹೊರತಂದಿತು. 2004ರ ನೀತಿಯಲ್ಲಿ 256 ಕಿಲೋಬಿಟ್ ಬಂದರೆ ಬ್ರಾಡ್‌ಬ್ಯಾಂಡ್ ಎನಿಸಿದ್ದ ನಮ್ಮ ವ್ಯಾಖ್ಯೆ, 2013ರಲ್ಲಿ 512 ಕಿಲೋಬಿಟ್ ಆಗಿ, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿದೆ.

ಅಂಕಿ ಚೆನ್ನಾಗಿದ್ದೂ ಅನುಭವ ಕೆಟ್ಟಿರುವುದುಂಟು. 2010ರಲ್ಲಿ ಜಿಮ್ ಗೆಟಿಸ್ ಎಂಬ ತಂತ್ರಜ್ಞರು ಮನೆಯಿಂದ ದೊಡ್ಡ ಕಡತಗಳನ್ನು ಕಳಿಸುತ್ತಿದ್ದಾಗ ಹೋಗಿಬರುವ ಕಾಲ ಒಂದು ಸೆಕೆಂಡನ್ನೂ ಮೀರಿ ಹೋದುದನ್ನು ಕಂಡರು. ಸ್ಮೃತಿ ಅಗ್ಗವಾದಂತೆ ತಯಾರಕರು ಮೋಡೆಮ್‌ಗಳಲ್ಲಿ ದೊಡ್ಡ ದೊಡ್ಡ ಕಾಯುವ ಕೋಣೆಗಳನ್ನು ಇಟ್ಟಿದ್ದರು. 256 ಕಿಲೋಬೈಟ್‌ನ ಕೋಣೆ ತುಂಬಿ, ಅದು 1 ಮೆಗಾಬಿಟ್ ದರದಲ್ಲಿ ಖಾಲಿಯಾಗಬೇಕಾದರೆ ಎರಡು ಸೆಕೆಂಡಿಗೂ ಹೆಚ್ಚು. ಪ್ಯಾಕೆಟ್ ಕಳೆದಾಗಲೇ ತಗ್ಗಬೇಕೆಂದು ಕಲಿತಿದ್ದ ಟಿಸಿಪಿಗೆ ಕೋಣೆ ತುಂಬಿ ತುಳುಕುವವರೆಗೆ ಸೂಚನೆಯೇ ಸಿಗುತ್ತಿರಲಿಲ್ಲ. ಸ್ಪೀಡ್ ಟೆಸ್ಟ್ ಚಿನ್ನದಂಥ ಅಂಕಿ ತೋರಿಸುತ್ತದೆ, ಮಾತಾಡುವವರ ದನಿ ಮಾತ್ರ ತುಂಡುತುಂಡಾಗಿ ಕೇಳುತ್ತದೆ. ಗೆಟಿಸ್ ಇದಕ್ಕೆ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಇದಕ್ಕೆ ಒಂದು ಪರಿಹಾರ ಸೂಚಿಸಿದವರು ಮತ್ತೆ ಅದೇ ಜೇಕಬ್ಸನ್. 2016ರಲ್ಲಿ ಗೂಗಲ್‌ನ ತಂಡದೊಡನೆ ಅವರು ಪ್ರಕಟಿಸಿದ 'ಬಿಬಿಆರ್' ವಿಧಾನವಂತೂ ಪ್ಯಾಕೆಟ್ ಕಳೆಯುವುದಕ್ಕೆ ಕಾಯುವುದಿಲ್ಲ. ದರವನ್ನೂ ಹೋಗಿಬರುವ ಕಾಲವನ್ನೂ ಅಳೆದು ನಡೆಯುತ್ತದೆ. ಹಾಗಾಗಿ ಎರಡು ಸರ್ವರ್‌ಗಳು ಎರಡು ವಿಧಾನಗಳನ್ನು ಬಳಸುತ್ತಿದ್ದರೆ ಅದೇ ಹಾದಿಯ ಮೇಲೂ ಉತ್ತರ ಬೇರೆಯಾಗಬಹುದು.

ಮತ್ತೆ ನಮ್ಮ ಕಾಲೇಜಿಗೆ ಬರುತ್ತೇನೆ. 94 ಎಂಬ ಅಂಕಿ ಏನೆಂದು ನಿಮಗೆ ಈಗಾಗಲೇ ಹೊಳೆದಿರಬೇಕು. ನನಗೆ ಹೊಳೆಯಲು ಮೂರು ದಿನ ಬೇಕಾಯಿತು. ಹೊರಗಿನಿಂದ 200 ಬರುತ್ತಿತ್ತು. ಪ್ರಯೋಗಾಲಯದ ಮೂಲೆಯ ಬೀರುವಿನಲ್ಲಿ, ಧೂಳು ಹಿಡಿದು, ತಂತಿಗಳನ್ನೆಲ್ಲ ಕೂಡಿಸುವ ಹಳೆಯ ಸ್ವಿಚ್ ಪೆಟ್ಟಿಗೆಯೊಂದಿತ್ತು. ಅದರ ಬೆನ್ನಿನ ಮೇಲೆ 10/100 ಎಂದು ಅಚ್ಚಾಗಿತ್ತು. ವಿದ್ಯಾರ್ಥಿಗಳು ಅದನ್ನು ಬಿಟ್ಟು ಹೊಸ ಪೆಟ್ಟಿಗೆಗೆ ತಂತಿ ಸಿಕ್ಕಿಸಿದ ಕೂಡಲೇ ಮೊದಲ ಪರೀಕ್ಷೆ 190ಕ್ಕೆ ಏರಿತು. ಕೋಣೆಯಲ್ಲಿ ಚಪ್ಪಾಳೆ. ಎರಡನೆಯ ಪರೀಕ್ಷೆ? ಅದು 31ರಲ್ಲೇ ಇತ್ತು, ಒಂದಿನಿತೂ ಅಲುಗಾಡದೆ.

ಒಂದು ಅಡಚಣೆ ತೆಗೆದರೂ ಅಂಕಿ ಕದಲದಿದ್ದರೆ ಆ ಅಂಕಿಯನ್ನು ಹಿಡಿದಿರುವುದು ಬೇರೆ ಕಡೆ ಇರುವ ಬೇರೆ ಅಡಚಣೆ. ದಟ್ಟಣೆಯಾಗಿದ್ದರೆ ಗಂಟೆಗೊಂದು ಬಗೆಯಾಗಿ ಏರಿಳಿಯಬೇಕಿತ್ತು. ಈ ಪರೀಕ್ಷೆಯ ಸರ್ವರ್ ಸಿಂಗಪುರದಲ್ಲಿತ್ತು, ಹೋಗಿಬರುವ ಕಾಲ 68 ಮಿಲಿಸೆಕೆಂಡ್, ಸಂಪರ್ಕ ಒಂದೇ. ಅಂತಿಮ ಬಿ.ಎಸ್ಸಿ.ಯ ಹುಡುಗಿಯೊಬ್ಬಳು ಕರಿಹಲಗೆಯ ಬಳಿ ಹೋಗಿ 31 ಮೆಗಾಬಿಟ್ಟನ್ನು 0.068ರಿಂದ ಗುಣಿಸಿ 8ರಿಂದ ಭಾಗಿಸಿದಳು. ಬಂದದ್ದು ಸುಮಾರು 2,63,000 ಬೈಟ್. "ಸರ್, 2ರ 18ನೇ ಘಾತ 2,62,144" ಎಂದಳು. ಅಂದರೆ ಸರಿಯಾಗಿ 256 ಕಿಲೋಬೈಟ್. ಇಷ್ಟು ದುಂಡಾದ ಸಂಖ್ಯೆ ಪ್ರಕೃತಿಯಿಂದ ಬರುವುದಿಲ್ಲ, ಯಾರೋ ಬರೆದಿಟ್ಟದ್ದೇ ಇರಬೇಕು. ಹುಡುಕಿದರೆ ನಿಜ. ಎಷ್ಟೋ ವರ್ಷಗಳ ಹಿಂದೆ, ಜಾಲವನ್ನು ಚುರುಕುಗೊಳಿಸುವ ಉದ್ದೇಶದಿಂದಲೇ, ಪ್ರಯೋಗಾಲಯದ ಗಣಕಗಳಲ್ಲಿ ಕಿಟಕಿಯ ಗರಿಷ್ಠ ಮಿತಿಯನ್ನು 256 ಕಿಲೋಬೈಟ್ ಎಂದು ಬರೆದಿದ್ದರು. ಆಗ ಅದು ಹಿಗ್ಗಿಸಿದ ಕಿಟಕಿಯಾಗಿತ್ತು. ಆ ಸಾಲನ್ನು ಪ್ರತಿ ಹೊಸ ಗಣಕಕ್ಕೂ ನಿಷ್ಠೆಯಿಂದ ನಕಲು ಮಾಡುತ್ತ ಬಂದಿದ್ದರು. ಬರೆದವರು ಯಾರೆಂದು ವಿಚಾರಿಸಲು ನಾನು ಹೋಗಲಿಲ್ಲ. ಅಕ್ಷರ ನೋಡಿದರೆ ನನ್ನದೇ ಇರಬಹುದು ಎನ್ನಲು ಗಣಕದಲ್ಲಿ ಕೈಬರಹ ಇರುವುದಿಲ್ಲವಷ್ಟೆ.

ಆ ಸಾಲನ್ನು ಅಳಿಸಿದ ಮೇಲೆ ಎರಡನೆಯ ಪರೀಕ್ಷೆ ಮೊದಲ ಬಾರಿಗೆ ಅಲುಗಾಡತೊಡಗಿತು. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು, ಸಂಜೆ ಏಳರ ಮೇಲೆ ಸ್ಪಷ್ಟವಾಗಿ ಕಡಿಮೆ. ಇದು ನಮ್ಮ ಕೈಯೊಳಗಿನ ಅಡಚಣೆಯಲ್ಲ. ಹತ್ತಿರದ ಸರ್ವರ್‌ನ ಪರೀಕ್ಷೆಯಲ್ಲಿ ಸಂಜೆಯ ಇಳಿತ ಇರಲಿಲ್ಲ, ದೂರದ್ದರಲ್ಲಿ ಇತ್ತು. ಹಾಗಾಗಿ ಅದು ಊರಿನಾಚೆ ಎಲ್ಲೋ ಜಾಲಗಳು ಕೂಡುವ ಜಾಗದಲ್ಲಿದೆ ಎಂದು ಊಹಿಸಬಹುದು. ವಿದ್ಯಾರ್ಥಿಗಳು ಎರಡು ವಾರ ಪ್ರತಿ ಗಂಟೆಗೊಮ್ಮೆ, ಒಂದೇ ಗಣಕದಲ್ಲಿ, ವೈಫೈ ಬಿಟ್ಟು ತಂತಿಯಲ್ಲಿ, ಎರಡೂ ಪರೀಕ್ಷೆಗಳನ್ನು ಬೆನ್ನುಬೆನ್ನಿಗೆ ನಡೆಸಿ, ಸರ್ವರ್‌ನ ಹೆಸರು ಮತ್ತು ಹೋಗಿಬರುವ ಕಾಲದೊಡನೆ ಕೋಷ್ಟಕ ಮಾಡಿದರು. ಹೊಸ ಪತ್ರದ ಜೊತೆ ಅದನ್ನೇ ಲಗತ್ತಿಸಿದೆವು. 'ಮೋಸ' ಎಂಬ ಪದ ಅದರಲ್ಲಿಲ್ಲ. 'ಸಂಜೆ 7ರಿಂದ 10' ಎಂಬ ಮಾತು ಇದೆ. ಅದಕ್ಕೆ ನಾನೂ ಸಹಿ ಹಾಕಿದ್ದೇನೆ. ಹಳೆಯ ಕರಡು ನನ್ನ ಮೇಜಿನ ಖಾನೆಯಲ್ಲೇ ಉಳಿದಿದೆ. ಹಲಗೆ ಒರೆಸುವ ಮುಂಚೆ ಆ ಹುಡುಗಿಯ ಗುಣಾಕಾರವನ್ನು ಅದರ ಹಿಂಬದಿಯಲ್ಲಿ ಬರೆದುಕೊಂಡಿದ್ದೆ.